ಬೋರಮ್ಮಜ್ಜಿಯ ಕಾಲಿನ ನಕಲು

ಕುಂಬಾರಕೊಪ್ಪಲು
9 ಜೂನ್ 2025

ಗಾರ್ಗಿ,

ಹೇಗಿದ್ದೀಯ ಎಂದು ಕೇಳಿದರೆ ಉರಿದು ಬೀಳುತ್ತೀಯ, ಹಾಗಾಗಿ ಕೇಳುವುದಿಲ್ಲ. ಫೋನಿನಲ್ಲಿ ನನ್ನ ನಂಬರ್ ಬ್ಲಾಕ್ ಮಾಡಿದ್ದೀಯ. ಮೇಲ್ ಕಳಿಸಿದರೆ ಓದದೆ ಅಳಿಸುತ್ತೀಯ. ಅಂಚೆಯಲ್ಲಿ ಬಂದ ಕವರನ್ನು ಮಾತ್ರ ನಿಮ್ಮ ಅಪ್ಪ ಒಡೆಯದೆ ಬಿಡುವವರಲ್ಲ, ಒಡೆದ ಮೇಲೆ ಗಟ್ಟಿಯಾಗಿ ಓದದೆ ಬಿಡುವವರೂ ಅಲ್ಲ. ಲಕ್ಷ್ಮೀನರಸಿಂಹ ಅಂಕಲ್, ನಮಸ್ಕಾರ. ದಯವಿಟ್ಟು ಕೊನೆಯವರೆಗೂ ಓದಿ.

ನಮ್ಮ ಬೋರಮ್ಮಜ್ಜಿಯ ಎಡಗಾಲನ್ನು ಹೋದ ವರ್ಷ ತೆಗೆದರು. ಸಕ್ಕರೆ ಕಾಯಿಲೆ. ಹೆಬ್ಬೆರಳಿನ ಗಾಯದಿಂದ ಶುರುವಾಗಿ ಮಂಡಿಯ ಕೆಳಗೆ ಬಂದು ನಿಂತಿತು. ನಾವಿಬ್ಬರೂ ಕಾಲೇಜಿನಲ್ಲಿ ಕಟ್ಟುತ್ತಿದ್ದ, ಬರೆದ ಪ್ರೋಗ್ರಾಮನ್ನು ಯಂತ್ರದ ಭಾಷೆಗೆ ಇಳಿಸುವ ಕಂಪೈಲರನ್ನು ಅರ್ಧಕ್ಕೆ ಬಿಟ್ಟು ನಾನು ಕಡಕೊಳದ ಕಂಪನಿಗೆ ಸೇರಿದ್ದು ಅದಕ್ಕೇ. ಅದು ಕೃತಕ ಕಾಲು ಮಾಡುವ ಕಂಪನಿ. ಸಂಬಳದ ಆಸೆಗೆ ಓಡಿಹೋದಳು ಎಂದು ನೀನು ಎಲ್ಲರ ಮುಂದೆ ಹೇಳಿಕೊಂಡು ತಿರುಗಿದೆ. ನನಗೂ ಹಟ ಬಂತು, ತಿದ್ದಲಿಲ್ಲ.

ಈಗಿನ ಸಮಸ್ಯೆ ಇದು. ಉಳಿದ ಕಾಲು ಕೂರುವ ಬಟ್ಟಲಿನಂಥ ಭಾಗವನ್ನು ಸಾಕೆಟ್ ಅನ್ನುತ್ತಾರೆ. ಅಜ್ಜಿಗೆ ಎರಡು ಸಾಕೆಟ್ ಮಾಡಿದೆವು, ಎರಡೂ ಚರ್ಮ ಕಿತ್ತವು. ಇನ್ನೊಂದು ಸಲ ಗಾಯವಾದರೆ ಮಂಡಿಯ ಮೇಲಕ್ಕೆ ತೆಗೆಯಬೇಕಾಗುತ್ತದೆ ಎಂದು ಡಾಕ್ಟರ್ ಹೇಳಿದ್ದಾರೆ. ಮಂಡಿ ಉಳಿದರೆ ಅಜ್ಜಿ ನಡೆಯುತ್ತಾರೆ, ಹೋದರೆ ಈ ವಯಸ್ಸಿನಲ್ಲಿ ಕುರ್ಚಿಯೇ ಗತಿ. ನಮ್ಮ ಬಾಸ್ ಮಹದೇವಸ್ವಾಮಿ ಅವರು ಸ್ಕ್ಯಾನ್ ತೆಗೆಸಿ, ಎಲ್ಲಿ ಎಷ್ಟು ಒತ್ತಡ ಬೀಳುತ್ತದೆ ಎಂದು ಕಂಪ್ಯೂಟರಿನಲ್ಲೇ ಲೆಕ್ಕ ಹಾಕಿ, ಆಮೇಲೆ ಸಾಕೆಟ್ ಮಾಡೋಣ ಅನ್ನುತ್ತಾರೆ. ಒಂದು ಆಕಾರ ಪರೀಕ್ಷಿಸುವುದಕ್ಕೆ ನಮ್ಮ ಪ್ರೋಗ್ರಾಮಿಗೆ ಎರಡು ದಿನ ಬೇಕು. ನೂರಾರು ಆಕಾರ ನೋಡಬೇಕು. ಒಂದೇ ಸಲಕ್ಕೆ ಸಾವಿರಾರು ಲೆಕ್ಕ ಹಾಕುವ ದೊಡ್ಡ ಗ್ರಾಫಿಕ್ಸ್ ಕಾರ್ಡೊಂದನ್ನು ದಸರಾವರೆಗೆ ಎರವಲು ತಂದಿದ್ದೇವೆ, ಆದರೆ ಅದಕ್ಕೆ ನಮ್ಮ ಡೇಟಾ ಹೋಗುತ್ತಿಲ್ಲ. ಮೇಲಿನ ಪದರ ಹೋಗುತ್ತದೆ, ಒಳಗಿನದೆಲ್ಲ ಇಲ್ಲೇ ಉಳಿಯುತ್ತದೆ. ಪ್ರೋಗ್ರಾಮ್ ಅಲ್ಲೇ ಬಿದ್ದುಹೋಗುತ್ತದೆ.

ಒಂದರೊಳಗೊಂದು ಹೆಣೆದ ಡೇಟಾವನ್ನು ಕಂಪೈಲರ್ ತಾನೇ ಹುಡುಕಿ ಹೊತ್ತೊಯ್ಯುವ ಭಾಗವನ್ನು ನೀನು ಬರೆಯುತ್ತಿದ್ದೆಯಲ್ಲ, ಅದು ಮುಗಿಯಿತೇ? ಮುಗಿದಿದ್ದರೆ ಕೊಡು. ನನಗಲ್ಲ, ಅಜ್ಜಿಗೆ.

ಹರ್ಷಿತಾ

*

ಕೃಷ್ಣಮೂರ್ತಿಪುರಂ
13 ಜೂನ್ 2025

ಹರ್ಷಿತಾ,

ಅಪ್ಪ ಗಟ್ಟಿಯಾಗಿಯೇ ಓದಿದರು. ಕಾಲು ತೆಗೆದರು ಎಂಬಲ್ಲಿಗೆ ಬಂದು ನಿಲ್ಲಿಸಿಬಿಟ್ಟರು, ಉಳಿದದ್ದನ್ನು ನಾನೇ ಕಿತ್ತುಕೊಂಡು ಓದಿದೆ. ಅತ್ತೆ. ಮೂರು ವರ್ಷ ಆ ಅಜ್ಜಿಯ ಕೈಯ ಮುದ್ದೆ ಉಪ್ಸಾರು ತಿಂದಿದ್ದೇನೆ, ನನಗೆ ಒಂದು ಮಾತು ತಿಳಿಸಬೇಕು ಎಂದು ನಿನಗೆ ಅನ್ನಿಸಲಿಲ್ಲವಲ್ಲ ಎಂದು ಅತ್ತೆ. ನಿನ್ನ ಜೊತೆ ಮಾತಾಡುವುದಿಲ್ಲ ಎಂದಿದ್ದೇನೆ, ಅದು ಹಾಗೇ ಇದೆ. ಬರೆಯುವುದಿಲ್ಲ ಎಂದು ನಾನು ಯಾವತ್ತೂ ಹೇಳಿಲ್ಲ.

ಮುಗಿದಿದೆ ಕಣೇ. ಮುಗಿದು ಎರಡು ತಿಂಗಳಾಯಿತು, ಹೇಳಿಕೊಳ್ಳುವುದಕ್ಕೆ ಅರ್ಥವಾಗುವವರು ಒಬ್ಬರೂ ಇಲ್ಲದೆ ಹೊಟ್ಟೆ ಉಬ್ಬಿ ಕೂತಿದ್ದೆ. ನಿನ್ನ ಕಾಗದ ಬಂದ ಸಂಜೆ ಅಪ್ಪನನ್ನೇ ಕೂರಿಸಿಕೊಂಡು ವಿವರಿಸಿದೆ. ಪ್ರೋಗ್ರಾಮಿನಲ್ಲಿ ಕಾಲು ಎಂಬ ಡಬ್ಬಿ ಇದೆ, ಅದರೊಳಗೆ ಎಲುಬೇನೂ ಇಲ್ಲ, ಎಲುಬು ಎಲ್ಲಿದೆ ಎಂಬ ವಿಳಾಸದ ಚೀಟಿ ಇದೆ. ಆ ವಿಳಾಸಕ್ಕೆ ಹೋದರೆ ಅಲ್ಲಿ ಪದರಗಳ ವಿಳಾಸ. ಪದರಕ್ಕೆ ಹೋದರೆ ಕಣಗಳ ವಿಳಾಸ. ಗ್ರಾಫಿಕ್ಸ್ ಕಾರ್ಡು ಬೇರೆಯೇ ಊರು, ಅದರ ನೆನಪಿನ ಜಾಗವೇ ಬೇರೆ. ಡಬ್ಬಿಯನ್ನಷ್ಟೇ ಕಳಿಸಿದರೆ ಚೀಟಿ ಹೋಗುತ್ತದೆ, ಆ ವಿಳಾಸದಲ್ಲಿ ಮನೆ ಇರುವುದಿಲ್ಲ. ಅಪ್ಪ ಸ್ವಲ್ಪ ಯೋಚಿಸಿ, ನಮ್ಮ ಮನೆಯ ಡೋರ್ ನಂಬರ್ ಹಿಡಿದುಕೊಂಡು ಮಂಡ್ಯದಲ್ಲಿ ಹುಡುಕಿದ ಹಾಗಾಯಿತು ಎಂದರು. ಅಷ್ಟೇ, ನಿಮ್ಮ ಕಡಕೊಳದ ಪ್ರೋಗ್ರಾಮು ಬೀಳುತ್ತಿರುವುದು ಅದಕ್ಕೇ.

ನನ್ನ ಕಂಪೈಲರ್ ಏನು ಮಾಡುತ್ತದೆ ಕೇಳು. ಡಬ್ಬಿಯ ವಿವರಣೆಯನ್ನು ಓದಿ, ಇದರೊಳಗೆ ಚೀಟಿ ಇದೆಯೇ ಎಂದು ನೋಡುತ್ತದೆ. ಇದ್ದರೆ ಇಳಿಯುತ್ತದೆ, ಅಲ್ಲಿಯೂ ಅದೇ ಪ್ರಶ್ನೆ. ತಳ ಮುಟ್ಟಿದ ಮೇಲೆ ಎಲ್ಲವನ್ನೂ ಒಂದೇ ಮೂಟೆ ಕಟ್ಟಿ, ಒಂದೇ ಟ್ರಿಪ್ಪಿನಲ್ಲಿ ಕಾರ್ಡಿಗೆ ಹಾಕಿ, ಚೀಟಿಗಳಲ್ಲಿರುವ ಹಳೆಯ ವಿಳಾಸ ಅಳಿಸಿ ಹೊಸ ವಿಳಾಸ ಬರೆಯುತ್ತದೆ. ಲೆಕ್ಕ ಮುಗಿದ ಮೇಲೆ ಹಾಗೇ ಬಿಚ್ಚಿ ವಾಪಸ್ ತಂದು ಹಳೆಯ ಜಾಗದಲ್ಲಿಡುತ್ತದೆ. ಇಷ್ಟನ್ನೂ ಮಾಡುವ ಕೋಡನ್ನು ಯಾರೂ ಬರೆಯಬೇಕಿಲ್ಲ, ಕಂಪೈಲರೇ ಬರೆದುಕೊಳ್ಳುತ್ತದೆ. ನೀನು ಬರೆದಿದ್ದ 'ಇದು ಮೊದಲೇ ಹೋಗಿದೆಯೇ ವಿಚಾರಿಸು' ಎಂಬ ಭಾಗವನ್ನು ನೀನು ಬಿಟ್ಟುಹೋದ ವಾರವೇ ನಾನು ಸಿಟ್ಟಿಗೆ ಕಿತ್ತು ಹಾಕಿದೆ. ಒಂದೊಂದು ಸಾಮಾನಿಗೂ ನಿಂತು ವಿಚಾರಿಸುತ್ತಾ ಕೂತರೆ ಗಾಡಿ ಹೊರಡುವುದು ಯಾವಾಗ? ಈಗ ನಾಲ್ಕು ಪಟ್ಟು ವೇಗ.

ಕೋಡನ್ನು ನಾವಿಬ್ಬರೂ ಕೂಡಿಡುತ್ತಿದ್ದ ಹಳೆಯ ಆನ್‌ಲೈನ್ ರೆಪಾಸಿಟರಿಯಲ್ಲೇ ಇಟ್ಟಿದ್ದೇನೆ. ನಿನ್ನ ಕಡೆಯಿಂದ ಒಂದು ಕೆಲಸ ಬೇಕು. ವಿಳಾಸ ನೋಡಿದರೆ ಮನೆ ಎಲ್ಲಿದೆ ಎಂದು ಗೊತ್ತಾಗುತ್ತದೆ, ಮನೆಯಲ್ಲಿ ಎಷ್ಟು ಜನ ಎಂದು ಗೊತ್ತಾಗುವುದಿಲ್ಲ. ಎಲುಬಿಗೆ ಎಷ್ಟು ಪದರ, ಪದರಕ್ಕೆ ಎಷ್ಟು ಕಣ ಎಂಬುದನ್ನು ಡಬ್ಬಿಯ ಪಕ್ಕದಲ್ಲಿ ನೀನೇ ನಮೂದಿಸಬೇಕು.

ಬೇಗ ಓಡಿಸಿ ನೋಡು. ಅಜ್ಜಿಗೆ ನನ್ನ ನಮಸ್ಕಾರ ಹೇಳು, ನಿನಗೆ ಏನೂ ಇಲ್ಲ.

ಗಾರ್ಗಿ

*

ಕಡಕೊಳ
4 ಜುಲೈ 2025

ಗಾರ್ಗಿ,

ಓಡಿತು. ಎರಡು ದಿನ ಹಿಡಿಯುತ್ತಿದ್ದದ್ದು ನಾನು ಕ್ಯಾಂಟೀನಿಗೆ ಹೋಗಿ ಕಾಫಿ ಕುಡಿದು ಬರುವಷ್ಟರಲ್ಲಿ ಮುಗಿದಿತ್ತು. ಕೆಟ್ಟು ನಿಂತಿದೆ ಅಂದುಕೊಂಡು ಬೈಯುತ್ತಾ ಕೂತೆ, ಆಮೇಲೆ ನೋಡಿದರೆ ಉತ್ತರ ಬಂದು ಕಾಯುತ್ತಿದೆ. ಮಹದೇವಸ್ವಾಮಿ ಸರ್ ತಮ್ಮ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ನೋಡಿದರು. "ಏನಮ್ಮ ಇದು, ಇಷ್ಟು ಬೇಗ ಆಗ್ಬುಟ್ರೆ ನಾವು ಮಿಕ್ಕಿದ ಹೊತ್ತು ಏನ್ ಮಾಡೋದು" ಎಂದರು. ಅವರು ತಮಾಷೆ ಮಾಡಿದ್ದನ್ನು ನಾನು ನೋಡಿದ್ದು ಇದೇ ಮೊದಲು.

ಮೊದಲು ಒಂದು ರಬ್ಬರ್ ತುಂಡಿನ ಸಣ್ಣ ಮಾದರಿಯನ್ನು ಹಳೆಯ ದಾರಿಯಲ್ಲೂ ಹೊಸ ದಾರಿಯಲ್ಲೂ ಓಡಿಸಿದೆವು, ಎರಡೂ ತಾಳೆಯಾಯಿತು. ಆಮೇಲೆ ಅಜ್ಜಿಯ ಕಾಲನ್ನು ಹಾಕಿದೆವು. ಒಂದು ವಾರದಲ್ಲಿ ನೂರಾರು ಆಕಾರ ನೋಡಿ ಒಂದನ್ನು ಆರಿಸಿದ್ದೇವೆ. ಪರದೆಯ ಚಿತ್ರದಲ್ಲಿ ಒತ್ತಡ ಬಿದ್ದಲ್ಲಿ ಕೆಂಪು ಕಾಣುತ್ತದೆ; ಎಲುಬಿನ ತುದಿಯ ಹತ್ತಿರ ಒತ್ತಡವೇ ಇಲ್ಲ, ಪೂರ್ತಿ ಹಸಿರು. ಸಾಕೆಟ್ ಅಚ್ಚಿಗೆ ಹೋಗಿದೆ.

ನನ್ನ ಭಾಗವನ್ನು ಕಿತ್ತು ಹಾಕಿದ್ದೀಯ ಎಂದು ಓದಿದಾಗ ಮೈ ಉರಿಯಿತು. ವೇಗ ನೋಡಿದ ಮೇಲೆ ಬಾಯಿ ಮುಚ್ಚಿಕೊಂಡೆ.

ಹರ್ಷಿತಾ

*

ಕೃಷ್ಣಮೂರ್ತಿಪುರಂ
9 ಜುಲೈ 2025

ಹರ್ಷಿ,

ಹಳೆಯ ಹೆಸರು ಬಂದುಬಿಟ್ಟಿತು, ಹೊಡೆದು ಹಾಕಿದರೆ ಕಾಗದ ಕೊಳಕಾಗುತ್ತದೆ ಎಂದು ಬಿಟ್ಟಿದ್ದೇನೆ. ಹೆಚ್ಚು ಅರ್ಥ ಹುಡುಕಬೇಡ.

ನಿನ್ನ ಕಾಗದವನ್ನು ಡಿಪಾರ್ಟ್‌ಮೆಂಟಿಗೆ ತೆಗೆದುಕೊಂಡು ಹೋಗಿ ಎಲ್ಲರಿಗೂ ತೋರಿಸಿದೆ. ನಮ್ಮ ಕಂಪೈಲರ್ ಮೊಟ್ಟಮೊದಲು ಹೊತ್ತದ್ದು ನಮ್ಮ ಅಜ್ಜಿಯ ಕಾಲು ಎಂದೆ. ಧರಣಿ ಮೇಡಂ, ನಮ್ಮ ಹೆಚ್‌ಓಡಿ, ಯಾರ ಅಜ್ಜಿ ಎಂದು ಕೇಳಿದರು. ನಮ್ಮ ಅಜ್ಜಿ ಎಂದೇ ಹೇಳಿದೆ. ಊಟ ಮಾಡುವಾಗಲೂ ಅದೇ ಯೋಚನೆ ಕಣೇ. ನೀನು ಬರೆದದ್ದು ಹತ್ತು ಸಾಲು, ಅದಕ್ಕೆ ಕಂಪೈಲರ್ ಒಳಗೊಳಗೇ ಬರೆದುಕೊಂಡ ಕೋಡನ್ನು ತೆಗೆದು ನೋಡಿದೆ. ಪುಟಗಟ್ಟಲೆ ಇದೆ. ಕಾಲಿಗೆ ಒಂದು, ಎಲುಬಿಗೆ ಒಂದು, ಪದರಕ್ಕೆ ಒಂದು ಎಂದು ಒಬ್ಬರನ್ನೊಬ್ಬರು ಕರೆಯುವ ಫಂಕ್ಷನ್ನುಗಳು. ನಾನು ಇಷ್ಟು ಅಚ್ಚುಕಟ್ಟಾಗಿ ಬರೆಯುತ್ತಿರಲಿಲ್ಲ. ನಾನು ಹೆತ್ತದ್ದು ನನಗಿಂತ ಜಾಣ ಎಂದು ಅಪ್ಪನಿಗೆ ಹೇಳಿದೆ. ನನಗೂ ಒಂದು ಕಾಲದಲ್ಲಿ ಹಾಗೇ ಅನ್ನಿಸಿತ್ತು ಎಂದರು.

ಸಾಕೆಟ್ ಬಂದ ತಕ್ಷಣ ಬರೆ. ಅಜ್ಜಿ ಮೊದಲ ಹೆಜ್ಜೆ ಇಟ್ಟಾಗ ಏನಂದರು ಎಂದು ಒಂದಕ್ಷರ ಬಿಡದೆ ಬರೆಯಬೇಕು.

ಗಾರ್ಗಿ

*

ಕುಂಬಾರಕೊಪ್ಪಲು
11 ಆಗಸ್ಟ್ 2025

ಗಾರ್ಗಿ,

ಅಜ್ಜಿ ನಡೆಯುತ್ತಿದ್ದಾರೆ. ಎರಡು ವಾರವಾಯಿತು. ಹೊಸ ಸಾಕೆಟ್ ಹಾಕಿ ನಿಲ್ಲಿಸಿದಾಗ ನಾವೆಲ್ಲ ಸುತ್ತ ನಿಂತು ನೋಡುತ್ತಿದ್ದೆವು. ಹೇಗಿದೆ ಎಂದು ಸರ್ ಕೇಳಿದರು. ಅಜ್ಜಿ ನನ್ನ ಕಡೆ ತಿರುಗಿ, "ಇದು ಗಾರ್ಗವ್ವ ಲೆಕ್ಕ ಹಾಕಿದ್ದಾ?" ಎಂದರು. ಹೂಂ ಎಂದೆ. "ಅಂಗಾದ್ರೆ ನೋವಿಲ್ಲ ಬುಡು" ಎಂದರು. ಒಂದಕ್ಷರ ಬಿಟ್ಟಿಲ್ಲ, ಇಷ್ಟೇ ಅಂದದ್ದು.

ಈಗ ಬಾಗಿಲವರೆಗೂ ಹೋಗಿ ಬರುತ್ತಾರೆ. ದಿನಾ ಸಂಜೆ ನಾನು ಕೇಳುತ್ತೇನೆ, ದಿನಾ ನೋವಿಲ್ಲ ಅನ್ನುತ್ತಾರೆ. ಕಾಲು ನೋಡುತ್ತೇನೆ ಎಂದರೆ ಮಾತ್ರ ಬೈದು ಕಳಿಸುತ್ತಾರೆ. ನಿನ್ನನ್ನು ನೋಡಬೇಕಂತೆ. ಹಗಲಿನಲ್ಲಿ ನಾನು ಕಡಕೊಳದಲ್ಲಿರುತ್ತೇನೆ, ಆ ಹೊತ್ತಿಗೆ ಬಾ. ನನ್ನ ಮುಖ ನೋಡುವ ಕಷ್ಟ ನಿನಗಿರುವುದಿಲ್ಲ.

ಹರ್ಷಿತಾ

*

ಕೃಷ್ಣಮೂರ್ತಿಪುರಂ
18 ಆಗಸ್ಟ್ 2025

ಹರ್ಷಿ,

ಇದನ್ನು ಅಂಚೆಗೆ ಹಾಕುತ್ತಿಲ್ಲ, ಅಪ್ಪನ ಕೈಯಲ್ಲಿ ಸ್ಕೂಟರಿನಲ್ಲಿ ಕಳಿಸುತ್ತಿದ್ದೇನೆ. ಓದುವ ಮೊದಲು ಅಜ್ಜಿಯ ಹತ್ತಿರ ಹೋಗಿ ಅವರು ಮತ್ತೆ ಆ ಕಾಲು ಹಾಕಿಕೊಂಡಿಲ್ಲ ತಾನೇ ನೋಡು. ಹಾಕಿಕೊಂಡಿದ್ದರೆ ಬಿಚ್ಚಿಸು. ಆಮೇಲೆ ಓದು.

ಇವತ್ತು ಹೋಗಿದ್ದೆ. ಅಜ್ಜಿ ಬಾಗಿಲಿಗೇ ಬಂದು ಕೈಹಿಡಿದರು. ನಡೆದೇ ಬಂದರು, ನನಗೆ ಕುಣಿಯಬೇಕು ಅನ್ನಿಸಿತು. ಕಾಫಿ ಕೊಟ್ಟು ಕೂತರು. ಕೂತವರು ಸೀರೆ ಸರಿಮಾಡಿಕೊಳ್ಳುವಾಗ ಸಾಕೆಟ್ಟಿನ ಬಾಯಿಂದ ಒಂದು ಬಟ್ಟೆಯ ತುದಿ ಇಣುಕಿತು. ಕೇಳಿದರೆ ಏನಿಲ್ಲ ಅಂದರು. ನಾನು ಬಿಡಲಿಲ್ಲ, ಕೆಳಗೆ ಕೂತು ಬಿಚ್ಚಿಸಿದೆ. ಹಳೆಯ ಸೀರೆಯ ತುಂಡನ್ನು ಮಡಿಸಿ ಮಡಿಸಿ ಎಲುಬಿನ ತುದಿಯ ಹತ್ತಿರ ತುರುಕಿಕೊಂಡಿದ್ದಾರೆ ಹರ್ಷಿ. ಅಲ್ಲಿ ಚರ್ಮ ಕೆಂಪಗೆ ಕಾದು ಉಬ್ಬಿದೆ. ನಮ್ಮ ಚಿತ್ರದಲ್ಲಿ ಪೂರ್ತಿ ಹಸಿರಿತ್ತಲ್ಲ, ಅದೇ ಜಾಗ.

ಬೈಯಬೇಕೋ ಅಳಬೇಕೋ ತಿಳಿಯದೆ ಕೂತಿದ್ದೆ. ಆಗ ಪಕ್ಕದ ಮನೆಯಲ್ಲಿ ನಿಮ್ಮ ಚಿಕ್ಕಪ್ಪ ಕುಮಾರಸ್ವಾಮಿ ಅವರು ಗೋಡೆಗೆ ಮೊಳೆ ಹೊಡೆಯತೊಡಗಿದರು. ಹೊಡೆದದ್ದು ಅವರ ಕಡೆ, ಗಾರೆ ಉದುರಿದ್ದು ಅಜ್ಜಿಯ ದೇವರ ಗೂಡಿನ ಮೇಲೆ. ಅಜ್ಜಿ ಕೂತಲ್ಲಿಂದಲೇ ಗದರಿದರು. ಎರಡು ಮನೆಗೂ ಅದೊಂದೇ ಗೋಡೆ ತಾನೇ. ತಪ್ಪು ಎಲ್ಲಾಗಿದೆ ಎಂದು ನನಗೆ ಆಗ ಹೊಳೆಯಿತು.

ನಿಮ್ಮ ಪ್ರೋಗ್ರಾಮಿನಲ್ಲಿ ಎಲುಬಿನ ಹೊರಪದರ, ಮಾಂಸದ ಒಳಪದರ ಬೇರೆ ಬೇರೆ ಅಲ್ಲ. ಒಂದೇ ಪದರ. ಎರಡು ಡಬ್ಬಿಗಳಲ್ಲೂ ಅದರ ವಿಳಾಸ ಇದೆ. ನನ್ನ ಕಂಪೈಲರ್ ಎಲುಬಿನ ಕಡೆಯಿಂದ ಇಳಿದು ಆ ಪದರವನ್ನು ಮೂಟೆಗೆ ಹಾಕಿದೆ. ಮಾಂಸದ ಕಡೆಯಿಂದ ಇಳಿದು ಅದನ್ನೇ ಮತ್ತೊಮ್ಮೆ ಹಾಕಿದೆ. ಕಾರ್ಡಿನಲ್ಲಿ ಒಂದು ಗೋಡೆ ಎರಡಾಯಿತು. ಎಲುಬು ಒತ್ತಿದ್ದು ಒಂದನ್ನು, ಮಾಂಸ ನೋಡಿದ್ದು ಇನ್ನೊಂದನ್ನು. ಈ ಕಡೆ ಮೊಳೆ ಹೊಡೆದರೂ ಆ ಕಡೆ ಗಾರೆ ಉದುರಲೇ ಇಲ್ಲ. ವಾಪಸ್ ತರುವಾಗ ಮಾಂಸದ ನಕಲು ಕೊನೆಗೆ ಬಂದು, ಎಲುಬಿನ ನಕಲಿನಲ್ಲಿದ್ದ ಒತ್ತಡವನ್ನೂ ಅಳಿಸಿಬಿಟ್ಟಿತು. ನಿಮ್ಮ ರಬ್ಬರ್ ತುಂಡಿನಲ್ಲಿ ಹಂಚಿಕೊಂಡದ್ದು ಏನೂ ಇರಲಿಲ್ಲ, ಅದಕ್ಕೇ ತಾಳೆಯಾಯಿತು.

'ಇದು ಮೊದಲೇ ಹೋಗಿದೆಯೇ ವಿಚಾರಿಸು.' ನಿನ್ನ ಆ ಭಾಗ ಇದ್ದಿದ್ದರೆ ಎರಡನೇ ಸಲ ಹೊತ್ತೊಯ್ಯುತ್ತಿರಲಿಲ್ಲ, ಮೊದಲಿನದರ ವಿಳಾಸವನ್ನೇ ಬರೆದುಕೊಳ್ಳುತ್ತಿತ್ತು. ನಿನ್ನ ಮೇಲಿನ ಸಿಟ್ಟಿಗೆ ಅದನ್ನು ಕಿತ್ತು ಹಾಕಿ, ಅಪಾಯವನ್ನು ಅಜ್ಜಿಯ ಮಂಡಿಯ ತನಕ ತಂದಿಟ್ಟಿದ್ದೇನೆ. ಬೈಯಿ. ಆದರೆ ಮೊದಲು ಡಾಕ್ಟರ ಹತ್ತಿರ ಕರೆದುಕೊಂಡು ಹೋಗು.

ಗಾರ್ಗಿ

*

ಕುಂಬಾರಕೊಪ್ಪಲು
22 ಆಗಸ್ಟ್ 2025

ಗಾರ್ಗಿ,

ಚರ್ಮ ಒಡೆದಿಲ್ಲ. ಇನ್ನೊಂದು ವಾರ ಹೋಗಿದ್ದರೆ ಒಡೆಯುತ್ತಿತ್ತು ಎಂದರು ಡಾಕ್ಟರ್. ಕಾಲಿಗೆ ಮೂರು ವಾರ ಪೂರ್ತಿ ವಿಶ್ರಾಂತಿ.

ಅದೇ ಆಕಾರವನ್ನು ಹಳೆಯ ನಿಧಾನದ ದಾರಿಯಲ್ಲಿ ಓಡಿಸಿದೆ. ಎರಡು ದಿನ ಅದರ ಮುಂದೆಯೇ ಕೂತಿದ್ದೆ. ನೀನು ಹೇಳಿದ ಜಾಗ ಕೆಂಡದಂತೆ ಕೆಂಪು. ಅಚ್ಚಿಗೆ ಕಳಿಸುವ ಮೊದಲೇ ಹೀಗೆ ತಾಳೆ ನೋಡಬೇಕಿತ್ತು. ಖುಷಿಯಲ್ಲಿ ನಾನೂ ನೋಡಲಿಲ್ಲ, ಸರ್ ಕೂಡ ನೋಡಲಿಲ್ಲ. ಆದ್ದರಿಂದ ಎಲ್ಲವನ್ನೂ ನಿನ್ನ ತಲೆಗೇ ಹಾಕಿಕೊಂಡು ದೊಡ್ಡವಳಾಗುವುದಕ್ಕೆ ನೋಡಬೇಡ.

ಅಜ್ಜಿಯನ್ನು ಜೋರು ಮಾಡಿದೆ. ಮಂಡಿ ಹೋಗುತ್ತೆ ಅಂತ ಗೊತ್ತಿದ್ದೂ ಯಾಕೆ ಬಾಯಿ ಬಿಡಲಿಲ್ಲ ಎಂದು ಕೇಳಿದೆ. ಹೇಳಿದರು: "ನೋಯ್ತದೆ ಅಂದಿದ್ರೆ ನೀವಿಬ್ರೂ ತಿರ್ಗಾ ಕಿತ್ತಾಡೀರಿ. ಒಂದ್ ವರ್ಸ ಮಕ ತಿರುಗ್ಸ್ಕೊಂಡಿದ್ದೋರು ಈಗ ಕಾಗ್ದ ಬರ್ಕೊತಾವ್ರೆ, ಅದ್ನ ನನ್ ಕಾಲು ಕೆಡಿಸ್ಬಾರ್ದು ಅಂತ ತಡ್ಕೊಂಡೆ ಕಣವ್ವ."

ಎದ್ದು ಹೋಗಿ ನನ್ನ ಹಳೆಯ ಲ್ಯಾಪ್‌ಟಾಪ್ ತೆಗೆದೆ. ನಾನು ಬರೆದಿದ್ದ ಭಾಗದ ಹಳೆಯ ಪ್ರತಿ ನನ್ನ ಹತ್ತಿರ ಇದೆ. ಶನಿವಾರ ಬೆಳಗ್ಗೆ ನಿಮ್ಮ ಮನೆಗೆ ತರುತ್ತೇನೆ. ಬಾಗಿಲು ತೆಗೆ.

ಹರ್ಷಿತಾ

*

ಕಡಕೊಳ
16 ಸೆಪ್ಟೆಂಬರ್ 2025

ಗಾರ್ಗಿ,

ನಿನ್ನೆ ನೀನು ಕ್ಲಾಸಿನಲ್ಲಿದ್ದೆ, ಫೋನ್ ತೆಗೆಯಲಿಲ್ಲ. ನಡೆದದ್ದನ್ನು ಮೆಸೇಜಿನಲ್ಲಿ ಹೇಳಿ ಹಾಳುಮಾಡುವ ಮನಸ್ಸಾಗಲಿಲ್ಲ, ಕೂತು ಬರೆಯುತ್ತಿದ್ದೇನೆ.

ನಾವಿಬ್ಬರೂ ಮೂರು ಶನಿವಾರ ಜಗಳವಾಡಿ ಹೊಲಿದದ್ದು ಓಡಿತು. ನಿನ್ನ ಮೂಟೆಯೂ ಉಳಿದಿದೆ, ನನ್ನ ವಿಚಾರಣೆಯೂ ಇದೆ. ಒಮ್ಮೆ ಹೋದದ್ದು ಮತ್ತೆ ಹೋಗುವುದಿಲ್ಲ, ಅದನ್ನು ಕೇಳಿಕೊಂಡು ಬಂದವರಿಗೆಲ್ಲ ಅದೇ ವಿಳಾಸ ಸಿಗುತ್ತದೆ. ಜೊತೆಗೆ ಕಾರ್ಡಿನ ಲೆಕ್ಕಕ್ಕೆ ಬೇಡದ ಡಬ್ಬಿಗಳನ್ನು ಕಂಪೈಲರ್ ಮೊದಲೇ ಗುರುತಿಸಿ ಇಲ್ಲೇ ಬಿಡುತ್ತದಲ್ಲ, ಅದರಿಂದ ವಿಚಾರಣೆಗೆ ಹೋದ ವೇಗವೂ ಮುಕ್ಕಾಲು ಪಾಲು ವಾಪಸ್ ಬಂತು. ಈ ಸಲ ನಿಧಾನದ ದಾರಿಯ ಉತ್ತರವನ್ನು ಪಕ್ಕದಲ್ಲಿಟ್ಟುಕೊಂಡೇ ನೋಡಿದೆ. ತಾಳೆಯಾಯಿತು.

ಆದರೂ ಸರ್‌ಗೆ ಸಮಾಧಾನವಿಲ್ಲ. ಅಜ್ಜಿಯನ್ನು ಇಲ್ಲಿಗೇ ಕರೆಸಿದರು. ಹೊಸ ಅಚ್ಚು ಮಾಡುವ ಮೊದಲು ಹಳೆಯ ಸಾಕೆಟ್ಟಿನಲ್ಲಿ ಎಲ್ಲೆಲ್ಲಿ ನೋಯುತ್ತಿತ್ತು ಎಂದು ಅವರ ಬಾಯಿಂದಲೇ ಕೇಳಬೇಕು ಎಂದರು. ಆ ಹಳೆಯ ಸಾಕೆಟ್ಟಿನ ಹೊಸ ಲೆಕ್ಕ ತೋರಿಸುತ್ತಿದ್ದ ಪರದೆಯನ್ನು ಅಜ್ಜಿಗೆ ಕಾಣದ ಹಾಗೆ ತಿರುಗಿಸಿಟ್ಟರು. ಅಜ್ಜಿ ನನ್ನ ಮುಖ ನೋಡಿದರು. ಅಜ್ಜಿ, ನೀನು ಏನು ಹೇಳಿದರೂ ನಾನೂ ಗಾರ್ಗಿಯೂ ಕಿತ್ತಾಡುವುದಿಲ್ಲ, ಕಿತ್ತಾಡಿದರೂ ಮಾತು ಬಿಡುವುದಿಲ್ಲ ಎಂದೆ. ಆಮೇಲೆ ಅವರು ಬೆರಳಿಟ್ಟು ತೋರಿಸಿದರು. ಎಲುಬಿನ ತುದಿ, ಅದು ನಮಗೆ ಗೊತ್ತಿತ್ತು. ಅಲ್ಲಿಗೇ ನಿಲ್ಲಿಸಲಿಲ್ಲ. ಹಿಂದೆ, ಮಂಡಿಯ ಮಡಿಕೆಯ ಒಳಬದಿಯಲ್ಲಿ ಒಂದು ಕಡೆ ಒತ್ತಿ, "ಇಲ್ಲೂವೆ, ಮೆಟ್ಟಿಲು ಅತ್ತುವಾಗ" ಎಂದರು. ಅದನ್ನು ಯಾರಿಗೂ ಹೇಳಿರಲಿಲ್ಲ, ಅಲ್ಲಿ ಚರ್ಮ ಕೆಂಪಾಗಿಯೂ ಇರಲಿಲ್ಲ.

ಸರ್ ಪರದೆಯಲ್ಲಿ ಕಾಲನ್ನು ಹಿಂದಕ್ಕೆ ತಿರುಗಿಸಿದರು. ಗಾರ್ಗಿ, ಅಲ್ಲಿ ಕೆಂಪಿತ್ತು. ಉಗುರಿನಷ್ಟು ಜಾಗ, ಅಜ್ಜಿಯ ಬೆರಳು ಎಲ್ಲಿತ್ತೋ ಅಲ್ಲೇ. ನನಗೆ ಕೂಗಬೇಕು ಅನ್ನಿಸಿತು. ಸರ್ ಅಜ್ಜಿಯ ಮುಂದೆ ಕೈ ಮುಗಿದುಬಿಟ್ಟರು.

ಹೊಸ ಆಕಾರ ಆರಿಸಿದ್ದೇವೆ. ದಸರಾ ಲೈಟಿಂಗ್ ನೋಡುವ ಜನ ಸೇರತೊಡಗುವುದರೊಳಗೆ ಸಾಕೆಟ್ ಬರುತ್ತದೆ.

ನಿನ್ನ ಹರ್ಷಿ

*

ಕುಂಬಾರಕೊಪ್ಪಲು, ನಿಮ್ಮ ಮನೆಯಿಂದಲೇ
5 ಅಕ್ಟೋಬರ್ 2025, ಮಧ್ಯಾಹ್ನ

ಹರ್ಷಿ,

ನೀನು ಕಾರ್ಡನ್ನು ವಾಪಸ್ ಕೊಡುವುದಕ್ಕೆ ಕಡಕೊಳಕ್ಕೆ ಹೋಗಿದ್ದೀಯ. ಫೋನ್ ಮಾಡಿದರೆ ಇಲ್ಲಿ ಮಾತು ಕೇಳಿಸಿಬಿಡುತ್ತದೆ, ಟೈಪ್ ಮಾಡುವುದಕ್ಕೆ ಫೋನು ಅಜ್ಜಿಯ ಮಗ್ಗುಲಲ್ಲಿದೆ. ಸಿಕ್ಕಿದ ಹಾಳೆಯಲ್ಲಿ ಬರೆಯುತ್ತಿದ್ದೇನೆ, ಬಂದ ತಕ್ಷಣ ಬಾಗಿಲಲ್ಲೇ ಓದು, ಒಳಗೆ ಸದ್ದು ಮಾಡಬೇಡ.

ಹೊಸ ಕಾಲು ಹಾಕಿದ ದಿನದಿಂದ ನಮಗಿಬ್ಬರಿಗೂ ಒಂದೇ ಸಂಕಟ. ಅಜ್ಜಿ ನೋವಿಲ್ಲ ಅನ್ನುತ್ತಾರೆ, ಹೋದ ಸಲವೂ ಹಾಗೇ ಅಂದಿದ್ದರು. ಇವತ್ತು ಬೆಳಗ್ಗೆ ನಾನು ಮೂರು ಸಲ ಕೇಳಿದೆ. ಮೂರನೆಯ ಸಲಕ್ಕೆ ರೇಗಿ, "ನಿಂಗೆ ನಂಬ್ಕೆ ಬರೋ ಅಂಗೆ ಎಂಗ್ ಏಳ್ಲಿ ನಾನು" ಎಂದರು. ಪರದೆಯ ಮೇಲಿನ ಬಣ್ಣವನ್ನು ನಂಬಿ ಒಮ್ಮೆ ಕೆಟ್ಟಿದ್ದೇನೆ, ಅವರ ಬಾಯಿ ಮಾತನ್ನು ನಂಬಿಯೂ ಕೆಟ್ಟಿದ್ದೇನೆ. ಸಾಕೆಟ್ ಬಿಚ್ಚಿಸಿ ನೋಡಿದೆ, ಚರ್ಮ ತಿಳಿಯಾಗಿತ್ತು. ಆದರೂ ಮನಸ್ಸು ಒಪ್ಪಲಿಲ್ಲ.

ಆಮೇಲೆ ಅವರು ಮಾರ್ಕೆಟ್ಟಿನ ಬಸ್ ಹತ್ತಿದರು. ನಾನು ಹಿಂದೆಯೇ ಓಡಿದೆ. ಅವರೆಕಾಯಿ ಇನ್ನೂ ಬಂದಿಲ್ಲ ಎಂದು ಅಂಗಡಿಯವರ ಹತ್ತಿರ ವಾದ ಮಾಡಿ, ಹೀರೆಕಾಯಿ ಕೊಂಡು, ನನ್ನ ಕೈಗೆ ಚೀಲ ಕೊಡದೆ ತಾವೇ ಹಿಡಿದುಕೊಂಡು ಬಂದರು. ಅಡಿಗೆ ಮಾಡಿ ಬಡಿಸಿದರು. ನಾನು ತಟ್ಟೆ ತೊಳೆದು ಬರುವಷ್ಟರಲ್ಲಿ ಚಾಪೆಯ ಮೇಲೆ ಹಾಗೇ ಒರಗಿದ್ದರು.

ಈಗ ಎರಡು ಗಂಟೆಯಾಯಿತು. ಗೊರಕೆ ಹೊಡೆಯುತ್ತಿದ್ದಾರೆ ಹರ್ಷಿ, ಕಾಲು ಬಿಚ್ಚುವುದನ್ನೇ ಮರೆತು.

ಗಾರ್ಗಿ